ಗುತ್ಯಪ್ಪ ಬ್ರದರ್ ತುಂಬಿದ ಸಂತೋಷದ ಫಾರಂ

ದೇವರು ಮನುಷ್ಯನಿಗೆ ಸಂತೋಷವನ್ನು ಕೊಟ್ಟಾಗ ಜೊತೆಗೆ ಅಳತೆಗೋಲನ್ನು ಕೊಡಲಿಲ್ಲ. ಮರೆತನೋ, ಬೇಡವೆಂದು ಬಿಟ್ಟನೋ, ಅವನ ಇಚ್ಛೆ. ಹಾಗೆ ಬಿಟ್ಟುಹೋದ ಕೆಲಸವನ್ನು ಜಿಲ್ಲಾ ಕೇಂದ್ರದ ಒಂದು ಕಚೇರಿ ಕೈಗೆತ್ತಿಕೊಂಡು, ಎರಡು ಪುಟದ ಫಾರಂ ಅಚ್ಚು ಹಾಕಿಸಿ ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲೂಕಿನ ಆಸ್ಪತ್ರೆಗಳಿಗೆ ಹಂಚಿತು. ಅವುಗಳಲ್ಲಿ ಮೂರು ಫಾರಂ ಸಂಪಿಗೆಕೊಪ್ಪದ ಆಸ್ಪತ್ರೆಯ ಎಮರ್ಜೆನ್ಸಿ ಕೋಣೆಗೆ ಬಂದು ಗುತ್ಯಪ್ಪ ಬ್ರದರ್ ಕೈಗೆ ಸಿಕ್ಕಿದವು. ಅಲ್ಲಿಂದ ಮುಂದೆ ನಡೆದದ್ದಕ್ಕೆ ದೇವರು ಹೊಣೆಯಲ್ಲ.

ಗಂಡಸು ನರ್ಸಾದರೆ ಅವನನ್ನು ಬ್ರದರ್ ಎಂದು ಕರೆಯುವುದು ಆಸ್ಪತ್ರೆಯ ರೂಢಿ. ಗುತ್ಯಪ್ಪ ಆ ಕೋಣೆಗೆ ಬ್ರದರ್ ಆಗಿ ಬಂದು ಇಪ್ಪತ್ತಾರು ವರ್ಷವಾಗಿತ್ತು. ಅವನು ಬಂದಾಗ ಅದಕ್ಕೆ ಎಮರ್ಜೆನ್ಸಿ ಎಂಬ ಹೆಸರೇ ಇರಲಿಲ್ಲ. ಊರವರು ‘ಪಟ್ಟಿ ಕಟ್ಟೋ ರೂಮು’ ಎನ್ನುತ್ತಿದ್ದರು. ಸೀಮೆಎಣ್ಣೆ ಸ್ಟೋವಿನ ಮೇಲೆ ಗಾಜಿನ ಸಿರಿಂಜುಗಳು ಕುದಿಯುತ್ತಿದ್ದ ಗುಳುಗುಳು ಸದ್ದು, ಮಂಡಿ ಕೆತ್ತಿಕೊಂಡು ಬಂದ ಮಕ್ಕಳಿಗೆಲ್ಲ ಬಳಿಯುತ್ತಿದ್ದ ಕೆಂಪು ಔಷಧಿ, ಔಷಧದ ಕಪಾಟಿನ ಮೇಲಿದ್ದ ಧನ್ವಂತರಿ ಪಟಕ್ಕೆ ಮೀನಾಕ್ಷಮ್ಮ ಸಿಸ್ಟರ್ ದಿನವೂ ಏರಿಸುತ್ತಿದ್ದ ಒಂದೇ ಒಂದು ದಾಸವಾಳ, ಇವನ್ನೆಲ್ಲ ನೆನೆದರೆ ಈಗಲೂ ಅವನಿಗೆ ಯಾರೋ ಬೆನ್ನು ಸವರಿದ ಹಾಗಾಗುತ್ತಿತ್ತು. ಹಾವು ಕಚ್ಚಿಸಿಕೊಂಡು ಬಂದು ಬದುಕಿದವರು ಮಾರನೆಯ ವಾರ ಜೇನುತುಪ್ಪದ ಬಾಟಲಿ ಹಿಡಿದು ಬರುತ್ತಿದ್ದರು. ಬದುಕದವರ ಮನೆಯವರೂ ತಿಥಿ ಮುಗಿಸಿ ಒಮ್ಮೆ ಬಂದು, ‘ನೀವು ಮಾಡೋದು ಮಾಡಿದ್ರಿ’ ಎಂದು ಕೈಮುಗಿದು ಹೋಗುತ್ತಿದ್ದರು.

ಎರಡು ವರ್ಷದ ಕೆಳಗೆ ಮೀನಾಕ್ಷಮ್ಮ ನಿವೃತ್ತರಾಗಿ ತೀರ್ಥಹಳ್ಳಿ ಸೇರಿದರು. ಅವರ ಇನ್‌ಚಾರ್ಜ್ ಕುರ್ಚಿ ಗುತ್ಯಪ್ಪನಿಗೆ ಬಂತು. ಅದರಲ್ಲಿ ಕೂತ ಮೇಲೆ ಬೇರೆಯವರಿಗೆ ಗೊತ್ತಿಲ್ಲದ್ದು ಏನಾದರೊಂದು ತನಗೆ ಗೊತ್ತಿರಬೇಕು ಎಂಬ ಚಪಲ ಹತ್ತಿಕೊಂಡಿತು. ಇಲಾಖೆ ಆ ಚಪಲವನ್ನೂ ತೀರಿಸಿತು. ನೋವು ಅಳೆಯುವುದು ಹೇಗೆಂದು ಕಲಿಸಲು ಅವನನ್ನು ಶಿವಮೊಗ್ಗಕ್ಕೆ ಎರಡು ದಿನದ ಟ್ರೈನಿಂಗಿಗೆ ಕಳಿಸಿತು.

ಟ್ರೈನಿಂಗಿನಿಂದ ಅವನು ತಂದು ಎಮರ್ಜೆನ್ಸಿ ಗೋಡೆಗೆ ಅಂಟಿಸಿದ್ದು ಒಂದು ಚಾರ್ಟು. ಅದರಲ್ಲಿ ಸಾಲಾಗಿ ಆರು ದುಂಡು ಮುಖಗಳು. ಮೊದಲನೆಯದು ಬಾಯಿ ತುಂಬ ನಗುತ್ತಿತ್ತು, ಕೆಳಗೆ ಸೊನ್ನೆ. ಕೊನೆಯದು ಗೊಳೋ ಎಂದು ಅಳುತ್ತಿತ್ತು, ಕೆಳಗೆ ಹತ್ತು. ರೋಗಿಯನ್ನು ‘ನೋವು ಹತ್ತಕ್ಕೆ ಎಷ್ಟು?’ ಎಂದು ಕೇಳಬೇಕು, ಹೇಳಿದ್ದನ್ನು ಬರೆದುಕೊಳ್ಳಬೇಕು, ಸೊನ್ನೆಗೆ ಇಳಿಸಿ ಮನೆಗೆ ಕಳಿಸಬೇಕು. ಗುತ್ಯಪ್ಪ ಇದನ್ನು ಆಸ್ಪತ್ರೆಯಲ್ಲಷ್ಟೇ ಮಾಡಿದ್ದರೆ ಪರವಾಗಿರಲಿಲ್ಲ. ಒಂದು ದಿನ ಹಲಸಿನಕಾಯಿ ಕೊಚ್ಚುವಾಗ ಹೆಂಡತಿ ಪುಷ್ಪಮ್ಮ ಬೆರಳು ಕುಯ್ದುಕೊಂಡು ಓಡಿಬಂದಳು.

“ಹತ್ತಕ್ಕೆ ಎಷ್ಟು?” ಎಂದ ಗುತ್ಯಪ್ಪ.

“ಎಂತದು ಹತ್ತಕ್ಕೆ? ಕುಯ್ದಿದ್ದು ಒಂದೇ ಬೆರಳು! ರಕ್ತ ಸೋರ್ತಾ ಇದೆ, ಇವರಿಗೆ ಮಗ್ಗಿ ಬೇಕಂತೆ!”

ಇಂಥವನ ಕೈಗೆ ಸಂತೋಷದ ಫಾರಂ ಬಂತು. ಅದರಲ್ಲಿ ಹತ್ತು ಪ್ರಶ್ನೆ. ಮೇಲಧಿಕಾರಿಯೊಂದಿಗೆ, ಸಹೋದ್ಯೋಗಿಗಳೊಂದಿಗೆ, ಊಟದ ವೇಳೆಯಲ್ಲಿ, ಹೀಗೆ ಪ್ರತಿಯೊಂದಕ್ಕೂ ‘ತಮ್ಮ ಸಂತೋಷವನ್ನು ಸೊನ್ನೆಯಿಂದ ಹತ್ತರೊಳಗಿನ ಅಳತೆಯಲ್ಲಿ ನಮೂದಿಸಿ’ ಎಂದಿತ್ತು. ಬೆಳಗಿನ ಹತ್ತು ಗಂಟೆಗೆ ಬಟ್ಟೆ ಕಪಾಟಿನ ಕೋಣೆಯಲ್ಲಿ ಮೂವರೂ ಟೀ ಕುಡಿಯಲು ಸೇರಿದ್ದರು. ಹನ್ನೆರಡು ವರ್ಷದ ಅನುಭವದ ಸ್ವಪ್ನಾ ಸಿಸ್ಟರ್ ಅವಲಕ್ಕಿ ಡಬ್ಬಿ ಬಿಚ್ಚುತ್ತಿದ್ದಳು. ಕೆಲಸಕ್ಕೆ ಸೇರಿ ವರ್ಷವಾಗಿದ್ದ ಬಿಂದುಶ್ರೀ ಫಾರಂ ಓದುತ್ತಿದ್ದಳು.

“ಎಲ್ಲದಕ್ಕೂ ಸೊನ್ನೆ ಬರೀರಿ. ನಮಗೆಂತ ಕಮ್ಮಿಯಾಗಿದೆ?” ಎಂದ ಗುತ್ಯಪ್ಪ.

“ಬ್ರದರ್, ಇದರಲ್ಲಿ ಹತ್ತು ಅಂದ್ರೆ ಜಾಸ್ತಿ ಖುಷಿ ಇರ್ಬೋದಲ್ವಾ?” ಎಂದಳು ಬಿಂದುಶ್ರೀ.

“ಟ್ರೈನಿಂಗಿಗೆ ಹೋಗಿದ್ದು ನೀನೋ ನಾನೋ? ಬಾಗಿಲಾಚೆ ಗೋಡೆ ನೋಡು. ನಗೋ ಮುಖದ ಕೆಳಗೆ ಎಂತ ಉಂಟು?”

“ಸೊನ್ನೆ.”

“ಮತ್ತೆ? ಇಲಾಖೆ ಒಂದು, ಅಳತೆ ಒಂದು. ಜ್ವರ ನೋಡೋ ಥರ್ಮಾಮೀಟರು ಶಿವಮೊಗ್ಗಕ್ಕೊಂದು, ಸಂಪಿಗೆಕೊಪ್ಪಕ್ಕೊಂದು ಇರುತ್ತಾ ಮಾರಾಯ್ತಿ?”

ಸ್ವಪ್ನಾ, ಬಿಂದುಶ್ರೀ ಇಬ್ಬರೂ ಹತ್ತು ಹತ್ತು ಸೊನ್ನೆ ಬರೆದರು. ಗುತ್ಯಪ್ಪ ಮಾತ್ರ ತುಸು ಯೋಚಿಸಿದ. ಪೂರ್ತಿ ಸುಖ ಬರೆದುಕೊಂಡರೆ ದೃಷ್ಟಿ ತಾಗೀತು ಎನಿಸಿತು. ಅಲುಗಾಡುವ ಕುರ್ಚಿಗೆ ಒಂದು, ಮೀನಾಕ್ಷಮ್ಮ ಇಲ್ಲದ್ದಕ್ಕೆ ಒಂದು ಎಂದು ಲೆಕ್ಕ ಹಾಕಿ, ತನಗೆ ಎಲ್ಲ ಕಡೆ ಎರಡೆಂದು ಬರೆದು ಸಹಿ ಮಾಡಿದ. ಬಾಗಿಲಾಚೆಯ ಪಟದಿಂದ ಧನ್ವಂತರಿ ನೋಡುತ್ತಿದ್ದನು.

ಇಪ್ಪತ್ತು ದಿನಕ್ಕೆ ಉತ್ತರ ಬಂತು. ಆಸ್ಪತ್ರೆಯ ವೈದ್ಯಾಧಿಕಾರಿ ಡಾಕ್ಟರ್ ಅಪರ್ಣಾ ಮೂವರನ್ನೂ ಕರೆಸಿ ಓದಿದರು: “‘ತಮ್ಮ ತುರ್ತು ವಿಭಾಗವು ಮೂರು ತಾಲೂಕುಗಳಲ್ಲಿ ಅತ್ಯಂತ ದುಃಖಿತ ವಿಭಾಗವೆಂದು ಕಂಡುಬಂದಿರುತ್ತದೆ. ವಿಭಾಗದಲ್ಲಿ ಲಭ್ಯವಿರುವ ಎರಡು ಅಂಕ ಸಂತೋಷವನ್ನು ಮುಖ್ಯಸ್ಥರೊಬ್ಬರೇ ಅನುಭವಿಸುತ್ತಿದ್ದು, ಅಧೀನ ಸಿಬ್ಬಂದಿಗೆ ಅದರಲ್ಲಿ ಪಾಲು ನೀಡದಿರುವುದು ಗಂಭೀರ ವಿಷಯವಾಗಿರುತ್ತದೆ. ಪರಿಶೀಲನೆಗೆ ಅಧಿಕಾರಿಗಳು ಗುರುವಾರ ಬರುವರು. ಅಗತ್ಯವಿದ್ದಲ್ಲಿ ಮೂವರನ್ನೂ ಬೇರೆ ಬೇರೆ ಸ್ಥಳಗಳಿಗೆ ವರ್ಗಾಯಿಸಲಾಗುವುದು.’ ಎಂತ ಇದು ಗುತ್ಯಪ್ಪ?”

ಗುತ್ಯಪ್ಪನಿಗೆ ಎಲ್ಲ ಹೊಳೆಯಿತು. ಫಾರ್ಮಸಿಯವರು, ಆಂಬುಲೆನ್ಸಿನವರು, ಆಯಾಗಳು ಎಲ್ಲ ಬಾಗಿಲಲ್ಲಿ ನಿಂತಿದ್ದರು. ಟ್ರೈನಿಂಗ್ ಆದವನು ತಪ್ಪು ಬರೆಸಿದೆ ಎಂದು ಅವರೆದುರು ಹೇಗೆ ಹೇಳುವುದು? ಬಿಂದುಶ್ರೀ ಬಾಯಿ ತೆರೆದಳು. ಸ್ವಪ್ನಾ ಅವಳ ಕಾಲು ತುಳಿದಳು. ಹೊರಗೆ ಬಂದ ಮೇಲೆ ಪಿಸುಗುಟ್ಟಿದಳು: “ಸುಮ್ನಿರು. ಬ್ರದರ್ ಮರ್ಯಾದೆ ಹೋಗುತ್ತೆ. ಅವರೇ ಹೇಳ್ಲಿ.” ಬ್ರದರ್ ಹೇಳಲಿಲ್ಲ.

ಆಸ್ಪತ್ರೆಯ ಗುಟ್ಟು ಮಧ್ಯಾಹ್ನದ ಬಸ್ಸಿಗೆ ಹತ್ತಿ ಸಂಜೆಯೊಳಗೆ ಕೋಣಂದೂರು ತಲುಪಿತು. ಅಲ್ಲಿ ಸಂತೆಗೆ ಹೋಗಿದ್ದ ಪುಷ್ಪಮ್ಮನಿಗೆ ಸೌತೆಕಾಯಿ ಮಾರುವವಳು ತೂಕ ಹಾಕುತ್ತಲೇ ಕೇಳಿದಳು: “ನಿಮ್ಮ ಯಜಮಾನ್ರು ಸಿಸ್ಟರುಗಳ ಕಣ್ಣಲ್ಲಿ ನೀರು ಹಾಕಿಸ್ತಾರಂತೆ, ಹೌದಾ?” ಪುಷ್ಪಮ್ಮನ ತಮ್ಮ ಕೃಷ್ಣಕುಮಾರ ಮರುದಿನವೇ ಬೈಕ್ ಹತ್ತಿ ಬಂದ.

“ಭಾವ, ನೀವು ಹಂಗೆ ಅಂತ ನಮಗೆ ಗೊತ್ತಿರ್ಲಿಲ್ಲ,” ಎಂದು ಜಗಲಿಯಲ್ಲಿ ಕೂತ. “ಖುಷಿನೆಲ್ಲ ಒಬ್ರೇ ಇಟ್ಕಂಡಿದೀರಂತೆ.”

“ಎಲ್ಲಿಟ್ಕಂಡಿದೀನಿ ಮಾರಾಯ? ಹುಡುಕಿ ನೋಡು, ಸಿಕ್ರೆ ತಗಂಡ್ ಹೋಗು!”

“ನೋಡಿದ್ಯೇನಕ್ಕ, ರೇಗೋದು? ಕಾಗದದಲ್ಲೂ ಹಿಂಗೇ ಬಂದಿದ್ಯಂತೆ.”

ಪುಷ್ಪಮ್ಮ ಸಿಗಂದೂರಿನ ಅಮ್ಮನಿಗೆ ಹರಕೆ ಹೊತ್ತಳು. ಎರಡು ವರ್ಷದ ಕೆಳಗೆ ನಾಗರಹಾವು ಕಚ್ಚಿ ಗುತ್ಯಪ್ಪನ ಕೈಯಲ್ಲೇ ಉಳಿದುಕೊಂಡಿದ್ದ ದುರ್ಗಮ್ಮಜ್ಜಿ ಕೋಲೂರಿಕೊಂಡು ಎಮರ್ಜೆನ್ಸಿಗೇ ಬಂದು, “ಹೆಣ್ಮಕ್ಕಳಿಗೆ ಕಾಟ ಕೊಡ್ತೀಯಂತಲ್ಲೋ. ಇದು ಗೊತ್ತಿದ್ರೆ ನಿನ್ ಕೈಲಿ ಇಂಜೆಕ್ಷನ್ನೇ ತಗಂತಿರ್ಲಿಲ್ಲ,” ಎಂದಳು. ತಗೊಳ್ಳದಿದ್ದರೆ ಈಗ ಬಂದು ಬೈಯುವುದಕ್ಕೆ ಅವಳೇ ಇರುತ್ತಿರಲಿಲ್ಲ ಎಂಬುದನ್ನು ಯಾರೂ ಅವಳಿಗೆ ವಿವರಿಸಲು ಹೋಗಲಿಲ್ಲ.

ಎಲ್ಲಕ್ಕಿಂತ ನೋವಾದದ್ದು ಮೀನಾಕ್ಷಮ್ಮನ ಫೋನು.

“ಅಲ್ಲೋ ಗುತ್ಯಪ್ಪ, ನಾನೂ ನಿನಗೆ ಇಪ್ಪತ್ತನಾಲ್ಕು ವರ್ಷ ಬೈದಿದೀನಿ. ಕೈಕೆಳಗಿನ ಮಕ್ಕಳು ಸೊನ್ನೆ ಬರೆಯೋ ಹಂಗೆ ಮಾಡಿದ್ನೇನೋ? ನಿಜ ಹೇಳು. ಆ ಕಾಲದಲ್ಲಿ ನಿನ್ನ ಕೇಳಿದ್ರೆ ಹತ್ತಕ್ಕೆ ಎಷ್ಟು ಅಂತ ಬರೀತಿದ್ದೆ?”

ಆ ಕಾಲ ಎಂದದ್ದೇ ಗುತ್ಯಪ್ಪನ ಕಣ್ಣಿನಲ್ಲಿ ಸ್ಟೋವು ಉರಿಯಿತು, ದಾಸವಾಳ ಅರಳಿತು. ಬಾಯಿಗೆ ಅಭ್ಯಾಸವಾದದ್ದೇ ಹೊರಗೆ ಬಂತು.

“ಸೊನ್ನೆ ಸಿಸ್ಟರ್. ದೇವರಾಣೆಗೂ ಸೊನ್ನೆ.”

ಆ ಕಡೆಯಿಂದ ಫೋನ್ ಕಟ್ಟಾಯಿತು. ಅವನು ಮತ್ತೆ ನಾಲ್ಕು ಸಲ ಮಾಡಿದರೂ ಎತ್ತಲಿಲ್ಲ.

ಗುರುವಾರ ಬಂದ ಅಧಿಕಾರಿಯ ಹೆಸರು ಮಹಾಗಣಪತಿ. ಮೆತ್ತನೆ ಮಾತಿನ ಮನುಷ್ಯರು. ಯಾರು ಏನು ಹೇಳಿದರೂ ಪುಸ್ತಕದಲ್ಲಿ ಬರೆದುಕೊಂಡು ನಿಟ್ಟುಸಿರು ಬಿಡುತ್ತಿದ್ದರು. ಮೊದಲು ಸ್ವಪ್ನಾಳನ್ನು ಕೂರಿಸಿದರು.

“ಭಯ ಬೇಡಮ್ಮ. ನಿಮ್ಮ ಇನ್‌ಚಾರ್ಜ್ ಹೇಗೆ?”

“ತುಂಬ ಒಳ್ಳೆಯವರು ಸಾರ್.”

‘ಭಯದಿಂದ ಹೊಗಳುತ್ತಾರೆ’ ಎಂದು ಬರೆದುಕೊಂಡರು. ಬಿಂದುಶ್ರೀ ಬಂದು ಕೂತಳು. ಬಾಗಿಲ ಸಂದಿಯಿಂದ ಬ್ರದರ್ ಮುಖ ಕಂಡಿತು. ಅದು ಥೇಟ್ ಚಾರ್ಟಿನ ಕೊನೆಯ ಮುಖದ ಹಾಗಿತ್ತು. ಅವಳಿಗೆ ನಗು ಉಕ್ಕಿ ಬಂದು ನಿಲ್ಲಲೇ ಇಲ್ಲ. ‘ಕಾರಣವಿಲ್ಲದೆ ನಗು. ಮನಸ್ಸಿಗೆ ಆಘಾತವಾಗಿದೆ’ ಎಂದು ಬರೆದು ಅವರೇ ಅವಳಿಗೆ ನೀರು ಕೊಟ್ಟರು.

ಕೊನೆಗೆ ಗುತ್ಯಪ್ಪ. ಮೂರು ದಿನ ಮನಸ್ಸಿನಲ್ಲೇ ಅಭ್ಯಾಸ ಮಾಡಿಕೊಂಡು ಬಂದಿದ್ದ. ತನ್ನ ಹೆಸರು ಎಲ್ಲಿಯೂ ಬಾರದ ಹಾಗೆ ಶುರು ಮಾಡಿದ.

“ಸಾರ್, ನಮ್ಮಲ್ಲಿ ಸೊನ್ನೆ ಅಂದ್ರೆ ಒಳ್ಳೇದು.”

ಮಹಾಗಣಪತಿಯವರ ಪೆನ್ನು ನಿಂತಿತು. “ಸೊನ್ನೆ ಒಳ್ಳೆಯದು ಅಂತ ಇವರಿಗೆ ಯಾರು ಹೇಳಿಕೊಟ್ಟರು?”

“ಅದು... ಹಂಗೇ ನಡ್ಕೊಂಡು ಬಂದಿದೆ ಸಾರ್.”

‘ಸೊನ್ನೆಯನ್ನೇ ಒಳ್ಳೆಯದೆಂದು ನಂಬುವಷ್ಟು ಸಿಬ್ಬಂದಿಯನ್ನು ಕುಗ್ಗಿಸಲಾಗಿದೆ. ಬಹುಕಾಲದ ಪದ್ಧತಿ.’ ಬರೆದು ಮುಗಿಸಿ ಅವರು ಬಹಳ ಮರುಕದಿಂದ ಹೇಳಿದರು: “ಸೋಮವಾರದಿಂದ ಸ್ವಪ್ನಾ ತೀರ್ಥಹಳ್ಳಿ ಕಡೆಗೆ, ಬಿಂದುಶ್ರೀ ಹೊಸನಗರಕ್ಕೆ. ಪಾಪ, ಹೊಸ ಜೀವನ ಶುರು ಮಾಡಲಿ. ನಿಮ್ಮನ್ನು ಔಷಧಿ ಗೋದಾಮಿಗೆ ಹಾಕ್ತೀನಿ. ಅಲ್ಲಿ ಮನುಷ್ಯರಿರೋದಿಲ್ಲ. ಡಬ್ಬಿಗಳಿಗೆ ಏನು ಬೇಕಾದರೂ ಅನ್ನಿ.”

ಗುತ್ಯಪ್ಪ ಮೇಜಿನ ಅಂಚು ಹಿಡಿದುಕೊಂಡ. ಇಪ್ಪತ್ತಾರು ವರ್ಷದಲ್ಲಿ ಆ ಕೋಣೆ ಬಿಟ್ಟು ಬದುಕುವ ವಿಚಾರವೇ ಅವನಿಗೆ ಬಂದಿರಲಿಲ್ಲ. ಡಬ್ಬಿಗಳು! ಡಬ್ಬಿ ಯಾವತ್ತಾದರೂ ‘ಬ್ರದರ್, ಉಳ್ಕೊಂಡೆ ಕಣ್ರೀ’ ಅಂದೀತೇ?

ಅಷ್ಟರಲ್ಲಿ ಗೇಟಿನಲ್ಲಿ ಹಾರನ್ನುಗಳ ಗಲಾಟೆ. ಎರಡು ವ್ಯಾನಿನಲ್ಲಿ ಒಂದು ಮದುವೆ ದಿಬ್ಬಣವೇ ಆಸ್ಪತ್ರೆಗೆ ಬಂದಿತ್ತು. ತಿಂಡಿಗೆಂದು ಮರದ ಕೆಳಗೆ ನಿಲ್ಲಿಸಿದ್ದರಂತೆ. ಯಾರೋ ಉತ್ಸಾಹದಲ್ಲಿ ಪಟಾಕಿ ಹಚ್ಚಿದರಂತೆ. ಮೇಲಿದ್ದ ಹೆಜ್ಜೇನು ಇಳಿದುಬಂತಂತೆ. ಹದಿಮೂರು ಜನ. ಮುಂದೆ ಮದುಮಗ. ಎರಡೂ ಕಣ್ಣು ಊದಿ ಮುಚ್ಚಿಹೋಗಿದ್ದವು, ತಲೆಯ ಮೇಲೆ ಪೇಟ ಮಾತ್ರ ನೆಟ್ಟಗಿತ್ತು.

“ಹನ್ನೆರಡೂ ಹತ್ತಕ್ಕೆ ಮುಹೂರ್ತ!” ಎಂದು ಪುರೋಹಿತರು ಕೂಗುತ್ತಿದ್ದರು. ಅವರ ಮೂಗು ಟೊಮ್ಯಾಟೊ ಹಣ್ಣಾಗಿತ್ತು.

ಮಹಾಗಣಪತಿಯವರು ಮೂಲೆಗೆ ಸರಿಯುವಷ್ಟರಲ್ಲಿ ಸ್ವಪ್ನಾ ಅವರ ಕೈಗೆ ಒಂದು ಸಲೈನ್ ಬಾಟಲಿ ಕೊಟ್ಟು, “ಎತ್ತಿ ಹಿಡ್ಕೊಳ್ಳಿ, ಇಳಿಸ್ಬೇಡಿ,” ಎಂದು ಹೋದಳು. ಯಾರೆಂದು ನೋಡಲಿಲ್ಲ. ಆ ಹೊತ್ತಿನಲ್ಲಿ ಆ ಕೋಣೆಯಲ್ಲಿ ಅಧಿಕಾರಿ ಎಂದರೆ ಖಾಲಿ ಇರುವ ಎರಡು ಕೈ ಅಷ್ಟೇ. ಅವರ ಪುಸ್ತಕವನ್ನು ಗುತ್ಯಪ್ಪ ಬಗಲಿನಿಂದ ಎಳೆದು ತೆರೆದು ಮೇಜಿನ ಮೇಲಿಟ್ಟ. “ಇನ್ನೊಂದು ಕೈಲಿ ಬರ್ಕೊಳ್ಳಿ ಸಾರ್. ನಾವು ನಂಬರ್ ಕೂಗ್ತೀವಿ.”

“ಮದುಮಗ, ಹತ್ತಕ್ಕೆ ಎಷ್ಟು?”

“ಹನ್ನೊಂದು!”

“ಭಟ್ರೇ?”

“ಮುಹೂರ್ತ ಮೀರಿದ್ರೆ ಇಪ್ಪತ್ತು!”

ಅಷ್ಟರಲ್ಲಿ ಬೆಂಚಿನ ತುದಿಯಲ್ಲಿ ಸುಮ್ಮನೆ ಕೂತಿದ್ದ ಮದುಮಗನ ಅಜ್ಜಿಯ ತುಟಿ ನೀಲಿಯಾದದ್ದನ್ನು ಬಿಂದುಶ್ರೀ ಕಂಡಳು. ಅವಳು ‘ಬ್ರದರ್’ ಎಂದದ್ದಷ್ಟೇ. ಗುತ್ಯಪ್ಪ ಅಜ್ಜಿಯನ್ನು ಮಗುವಿನ ಹಾಗೆ ಎತ್ತಿ ಮಂಚದ ಮೇಲೆ ಮಲಗಿಸಿದ. ಡಾಕ್ಟರ್ ಅಪರ್ಣಾ ಮಾತು ಮುಗಿಸುವ ಮೊದಲೇ ಸ್ವಪ್ನಾಳ ಕೈಯಲ್ಲಿ ಇಂಜೆಕ್ಷನ್ ಸಿದ್ಧವಿತ್ತು. ಬಿಂದುಶ್ರೀ ಆಮ್ಲಜನಕದ ಮಾಸ್ಕು ಹಾಕಿ ಅಜ್ಜಿಯ ಕಿವಿಯಲ್ಲಿ ಏನೋ ಹೇಳುತ್ತಿದ್ದಳು. ಆರು ಕೈಗಳು ಒಂದಕ್ಕೊಂದು ತಾಗದೆ, ಕೇಳದೆ, ಹೇಳದೆ ಓಡಾಡಿದವು. ದೇವಸ್ಥಾನದಲ್ಲಿ ಮಂಗಳಾರತಿಯ ಹೊತ್ತಿಗೆ ಗಂಟೆಯವನು, ಜಾಗಟೆಯವನು, ಶಂಖದವನು ಒಬ್ಬರ ಮುಖ ಒಬ್ಬರು ನೋಡದೆ ಕೂಡಿಕೊಳ್ಳುವುದಿಲ್ಲವೇ, ಹಾಗೆ.

ಹತ್ತು ನಿಮಿಷಕ್ಕೆ ಅಜ್ಜಿಯ ತುಟಿಗೆ ಬಣ್ಣ ಬಂತು. ಮಾಸ್ಕು ಸರಿಸಿ ಕೇಳಿದ ಮೊದಲ ಮಾತು: “ತಿಂಡಿ ಬುಟ್ಟಿ ಅಲ್ಲೇ ಬಿಟ್ರೇನ್ರೋ?”

“ನೋವು ಎಷ್ಟಜ್ಜಿ?” ಎಂದ ಗುತ್ಯಪ್ಪ.

“ನೋವೆಂತದೂ ಇಲ್ಲ, ಹೋಗಾ.”

“ಸೊನ್ನೆ!” ಎಂದು ಸ್ವಪ್ನಾ ಕೂಗಿದಳು. “ಸೊನ್ನೆ!” ಎಂದಳು ಬಿಂದುಶ್ರೀ, ಎರಡು ಕೈ ಮೇಲೆತ್ತಿ. ಒಂಬತ್ತರವರು ನಾಲ್ಕಕ್ಕೆ ಬಂದರು, ನಾಲ್ಕರವರು ಒಂದಕ್ಕೆ. ಒಬ್ಬೊಬ್ಬರು ಸೊನ್ನೆಗೆ ಇಳಿದಾಗಲೂ ಜಯಕಾರ ಎದ್ದಿತು. ಮುಹೂರ್ತಕ್ಕೆ ಅರ್ಧ ಗಂಟೆ ಇರುವಾಗ ಮದುಮಗ ಒಂದು ಕಣ್ಣು ತೆರೆದ. ಒಂದು ಕಣ್ಣಿದ್ದರೆ ಧಾರೆಗೆ ಸಾಕೆಂದು ಪುರೋಹಿತರು ತೀರ್ಪು ಕೊಟ್ಟರು. ಅಜ್ಜಿಯನ್ನು ಮಾತ್ರ ಸಂಜೆಯವರೆಗೆ ನೋಡಿಕೊಳ್ಳಲು ಆಸ್ಪತ್ರೆಯಲ್ಲಿ ಬಿಟ್ಟು ದಿಬ್ಬಣ ಹೊರಟಿತು.

ಕೋಣೆ ಶಾಂತವಾಯಿತು. ಮಹಾಗಣಪತಿಯವರು ಇನ್ನೂ ಬಾಟಲಿ ಎತ್ತಿ ಹಿಡಿದೇ ನಿಂತಿದ್ದರು. ಅದನ್ನು ಯಾರಿಗೂ ಜೋಡಿಸಿರಲೇ ಇಲ್ಲ. ಪುಸ್ತಕದ ಪುಟದ ತುಂಬ ಅವರದೇ ಅಕ್ಷರದಲ್ಲಿ ಸೊನ್ನೆಗಳು.

“ಗುತ್ಯಪ್ಪನವರೇ,” ಎಂದರು ನಿಧಾನವಾಗಿ, “ಈ ಸೊನ್ನೆ, ಆ ಫಾರಮ್ಮಿನ ಸೊನ್ನೆ...”

ಬಾಗಿಲಲ್ಲಿ ಫಾರ್ಮಸಿಯವರೂ ಆಂಬುಲೆನ್ಸಿನವರೂ ಮತ್ತೆ ಸೇರಿದ್ದರು. ಸ್ವಪ್ನಾ ಮುಂದೆ ಬಂದು, “ನಾವೇ ಗೊತ್ತಾಗ್ದೆ ಬರೆದಿದ್ದು ಸಾರ್,” ಎಂದಳು. ಬಿಂದುಶ್ರೀ, “ಹೌದು ಸಾರ್, ನನ್ ತಪ್ಪು,” ಎಂದಳು.

ಗುತ್ಯಪ್ಪ ತಲೆ ಸವರಿಕೊಂಡ. “ಸುಳ್ಳು ಸಾರ್. ಈ ಹುಡುಗಿ ಅವತ್ತೇ ಹೇಳಿದ್ಲು, ಹತ್ತು ಅಂದ್ರೆ ಜಾಸ್ತಿ ಖುಷಿ ಅಂತ. ನಾನು ಟ್ರೈನಿಂಗ್ ಆದವನು ಅಂತ ಬಾಯಿ ಮುಚ್ಚಿಸ್ದೆ. ಆಮೇಲೆ ಗೊತ್ತಾದ್ರೂ ಹೇಳ್ಲಿಲ್ಲ. ನಾಚಿಕೆ ಆಯ್ತು. ಅಷ್ಟೇ ಸಾರ್.”

ಮಹಾಗಣಪತಿಯವರು ಬಾಟಲಿಯನ್ನು ಮೇಜಿನ ಮೇಲಿಟ್ಟರು. “ಬಂದ ಫಾರಂ ತಿದ್ದೋಕೆ ನನಗೆ ಅಧಿಕಾರ ಇಲ್ಲ. ಇನ್‌ಚಾರ್ಜ್ ತಪ್ಪು ಬರೆಸಿದರು ಅಂತ ನೀವು ಬರೆದುಕೊಟ್ಟರೆ ಅದು ರದ್ದಾಗುತ್ತೆ, ವರ್ಗಾವಣೆಯೂ ನಿಲ್ಲುತ್ತೆ. ಆದರೆ ಆಮೇಲೆ ನೀವು ಇನ್‌ಚಾರ್ಜ್ ಆಗಿ ಇರೋಕಾಗಲ್ಲ. ಬರೆಯದಿದ್ದರೆ ನಿಮ್ಮ ಹೆಸರು ಉಳಿಯುತ್ತೆ, ಮೂವರಿಗೂ ಬೇರೆ ಬೇರೆ ಊರು. ನಾಳೆವರೆಗೆ ಯೋಚನೆ ಮಾಡಿ.”

“ನಾಳೆ ಯಾಕೆ ಸಾರ್? ಪೆನ್ನು ಕೊಡಿ,” ಎಂದ ಗುತ್ಯಪ್ಪ.

ಸೋಮವಾರ ಸ್ವಪ್ನಾ ಇನ್‌ಚಾರ್ಜ್ ಕುರ್ಚಿಯ ತುದಿಯಲ್ಲಿ ಮುಳ್ಳಿನ ಮೇಲೆ ಕೂತ ಹಾಗೆ ಕೂತಿದ್ದಳು. “ಬ್ರದರ್, ನಿಮಗೆ ತೊಂದ್ರೆ ಇಲ್ದಿದ್ರೆ ಆ ಟ್ರೇ ಸ್ವಲ್ಪ...” ಎನ್ನುವುದು, ತಾನೇ ಎದ್ದು ತಂದುಕೊಳ್ಳುವುದು. ಅವನಿಗೂ ಕೈಕಾಲು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಹನ್ನೊಂದು ಗಂಟೆ ಸುಮಾರಿಗೆ ಹೆಗ್ಗೋಡಿನ ಕಡೆಯಿಂದ ಲಿಖಿತ್ ಎಂಬ ಕಟ್ಟುಮಸ್ತು ತರುಣನೊಬ್ಬನನ್ನು ಹೊತ್ತು ತಂದರು. ನಾಟಕದ ತಾಲೀಮಿನಲ್ಲಿ ಕೋಟೆಯ ಮೇಲಿಂದ ಹಾರಿ ಪಾದ ಹೊರಳಿಸಿಕೊಂಡಿದ್ದ. ಎಲುಬೇನೂ ಮುರಿದಿರಲಿಲ್ಲ, ಆದರೆ ಕೂಗು ಹಿಂದಿನ ಸಾಲಿನವರಿಗೂ ಕೇಳುವ ಹಾಗಿತ್ತು. ಪಟ್ಟಿ ಸುತ್ತಲು ಬಗ್ಗಿದ ಸ್ವಪ್ನಾಳ ಮುಖಕ್ಕೆ ಕಾಲು ಝಾಡಿಸಿದ.

“ಗುತ್ಯಪ್ಪಾ! ನೋಡ್ತಾ ನಿಂತಿದೀಯಲ್ಲ, ಕಾಲು ಹಿಡ್ಕೋ!”

ಹೇಳಿದವಳೇ ಸ್ವಪ್ನಾ ನಾಲಿಗೆ ಕಚ್ಚಿಕೊಂಡಳು. ಬಿಂದುಶ್ರೀ ಕೈಯಲ್ಲಿದ್ದ ಹತ್ತಿ ಕೆಳಗೆ ಬಿತ್ತು. ಗುತ್ಯಪ್ಪ ಮಾತ್ರ ಹಾರಿ ಬಂದು ಎರಡೂ ಕೈಯಲ್ಲಿ ಕಾಲು ಹಿಡಿದ. ಎರಡು ವರ್ಷದಿಂದ ಕೆಲಸದ ನಡುವೆ ಯಾರೂ ಅವನನ್ನು ಹಾಗೆ ಗದರಿಸಿರಲಿಲ್ಲ. ಇಪ್ಪತ್ತೆಂಟರ ಪ್ರಾಯದಲ್ಲಿ, ಮೊದಲ ರಕ್ತ ಕಂಡು ಗೋಡೆಗೆ ಒರಗಿ ನಿಂತಿದ್ದವನನ್ನು ಮೀನಾಕ್ಷಮ್ಮ ಹೀಗೆಯೇ ಬೈದು ಬದುಕಿಸಿದ್ದರು. ಮುಖ ತಾನಾಗಿ ಅರಳಿತು, ಹಲ್ಲೆಲ್ಲ ಕಂಡವು. ಎಷ್ಟು ಒತ್ತಿದರೂ ತುಟಿ ಕೂಡಲಿಲ್ಲ.

“ನಾನು ಇಲ್ಲಿ ಸಾಯ್ತಾ ಇದೀನಿ, ಇವರು ನಗ್ತಾ ಇದಾರೆ!” ಎಂದ ಲಿಖಿತ್. ಅವನಿಗೆ ತನ್ನ ಕೂಗಿನ ಬಗ್ಗೆ ಅಭಿಮಾನವಿತ್ತು. ಹೋಗುವಾಗ ಬಾಗಿಲ ಬಳಿಯ ದೂರಿನ ಪೆಟ್ಟಿಗೆಗೆ ಒಂದು ಪುಟ ಬರೆದು ಹಾಕಿದ.

ಮೂರನೆಯ ದಿನ ಡಾಕ್ಟರ್ ಅಪರ್ಣಾ ತುಟಿ ಕಚ್ಚಿ ನಗು ತಡೆಯುತ್ತ ನೋಟಿಸು ಕೊಟ್ಟರು. ‘ಕರ್ತವ್ಯದ ವೇಳೆಯಲ್ಲಿ ತಾವು ಸಂತೋಷವಾಗಿದ್ದುದಾಗಿ ದೂರು ಬಂದಿರುತ್ತದೆ. ಕಾರಣವನ್ನು ಮೂರು ಸಾಲಿಗೆ ಮೀರದಂತೆ ಬರೆದು ಸಲ್ಲಿಸತಕ್ಕದ್ದು.’

ಗುತ್ಯಪ್ಪ ಬಟ್ಟೆ ಕಪಾಟಿನ ಕೋಣೆಯಲ್ಲಿ ಕೂತು ಬರೆಯತೊಡಗಿದ. ಪಟ್ಟಿ ಕಟ್ಟುವ ರೂಮಿಗೆ ತಾನು ಬಂದ ದಿನದಿಂದ ಶುರುಮಾಡಿದ. ಅಕ್ಷರ ಎಷ್ಟು ಸಣ್ಣದು ಮಾಡಿದರೂ ಮೂರನೆಯ ಸಾಲು ಮುಗಿಯುವಾಗ ಇನ್ನೂ ಮೊದಲನೆಯ ಮಳೆಗಾಲವೇ ಮುಗಿದಿರಲಿಲ್ಲ. ಕಾಗದ ತಿರುಗಿಸಿ ಹಿಂಬದಿಗೆ ಹೋದ. ಅಷ್ಟರಲ್ಲಿ ಹೊರಗೆ ಆಂಬುಲೆನ್ಸ್ ನಿಂತ ಸದ್ದಾಯಿತು, ಸ್ವಪ್ನಾಳ ಕೂಗು ಕೇಳಿಸಿತು. ಅವನು ಕಾರಣವನ್ನು ಅರ್ಧಕ್ಕೇ ಬಿಟ್ಟು ಓಡಿದ.